ಕಾಟ್ಜ್ ಡೆಲಿಗೆ ಮನೆಮಂದಿಯೆಲ್ಲ ಹೋಗುವಾಗ

ಕುಂಬಳೆ, ಬದಿಯಡ್ಕ, ಮಂಜೇಶ್ವರದಿಂದ ಮಕ್ಕಳನ್ನು ನೋಡಲು ನ್ಯೂಯಾರ್ಕಿಗೆ ಹೋದವರಿಗೆ ಒಂದು ದಿನ ಯಹೂದಿ ಡೆಲಿಯ, ಅಂದರೆ ಮಾಂಸದ ಸ್ಯಾಂಡ್‌ವಿಚ್ಚಿಗೆ ಹೆಸರಾದ ಹೋಟೆಲಿನ ದರ್ಶನವೂ ಆಗಿಯೇ ಆಗುತ್ತದೆ. ಅಲ್ಲಿ ಮುಖ್ಯ ತಿನಿಸು ದನದ ಮಾಂಸ. ಯಾರು ತಿನ್ನುತ್ತಾರೆ, ಯಾರಿಗೆ ಬೇಡ ಎಂಬುದು ಮನೆಯಲ್ಲೇ ಇತ್ಯರ್ಥವಾಗಲಿ. ಕೌಂಟರಿನ ಎದುರು ಆ ಮಾತೆತ್ತಿದರೆ ಹಿಂದಿನ ಸಾಲು ಗೊಣಗುತ್ತದೆ.

ಅಂಥದ್ದರಲ್ಲೊಂದು 1888ರಿಂದ ಇರುವ ಕಾಟ್ಜ್. ಅಲ್ಲಿಗೆ ಎಫ್ ರೈಲು ಹಿಡಿದು ಸೆಕೆಂಡ್ ಅವೆನ್ಯೂ ನಿಲ್ದಾಣದಲ್ಲಿ ಇಳಿಯಬೇಕು. ಬೀದಿಯ ಹೆಸರು ಹೌಸ್ಟನ್. ಹ್ಯೂಸ್ಟನ್ ಎಂದು ಕೇಳಿದರೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಶನಿವಾರ, ಭಾನುವಾರ ಮಧ್ಯಾಹ್ನ ಬೇಡ, ವಾರದ ದಿನ ಮೂರು ಗಂಟೆಯ ಹೊತ್ತಿಗೆ ಹೋಗಿ.

ಬಾಗಿಲಲ್ಲೇ ತಲೆಗೊಂದು ಚೀಟಿ ಕೊಡುತ್ತಾರೆ. ಕೊಂಡದ್ದನ್ನೆಲ್ಲ ಅದರಲ್ಲಿ ಬರೆಯುತ್ತಾರೆ, ದುಡ್ಡು ಹೊರಡುವಾಗ. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಸಬಹುದು, ಆದರೆ ಖಾಲಿ ಚೀಟಿಗಳನ್ನೂ ಹಿಂದೆ ಒಪ್ಪಿಸಬೇಕು. ಕಳೆದರೆ 50 ಡಾಲರ್ ದಂಡ. ಮಕ್ಕಳ ಕೈಗೆ ಕೊಡದೆ ಅಷ್ಟನ್ನೂ ಒಬ್ಬರ ಕಿಸೆಯಲ್ಲಿಡಿ.

ಒಬ್ಬರು ಮೇಜು ಹಿಡಿಯಲಿ, ಇನ್ನೊಬ್ಬರು ಮಾಂಸ ಕೊಯ್ಯುವವರ ಸಾಲಿಗೆ ಹೋಗಲಿ. ಪ್ರತಿ ಕೊಯ್ಯುವವನ ಮುಂದೆ ಬೇರೆ ಸಾಲು. ಪಾನೀಯಕ್ಕೆ ಮತ್ತೊಂದು ಕಡೆ. ಇದೆಲ್ಲ ಬೇಡವೆಂದರೆ ಗೋಡೆ ಬದಿಯ ಮೇಜುಗಳಿಗೆ ಪರಿಚಾರಕರು ಬರುತ್ತಾರೆ.

ಕೇಳಬೇಕಾದ್ದು ಪಾಸ್ಟ್ರಾಮಿ, ರೈ ಎಂಬ ಧಾನ್ಯದ ಬ್ರೆಡ್ಡಿನಲ್ಲಿ, ಸಾಸಿವೆ ಹಚ್ಚಿ. ಉಪ್ಪುನೀರಲ್ಲಿ ಊರಿಸಿ, ಕೊತ್ತಂಬರಿ ಬೀಜ, ಕರಿಮೆಣಸು ಸವರಿ, ಹೊಗೆ ಕೊಟ್ಟು, ಕೊನೆಗೆ ಹಬೆಯಲ್ಲಿ ಬೇಯಿಸಿದ ಮಾಂಸ ಅದು. ಅಂಚು ಕಪ್ಪಗೆ, ಒಳಗೆ ಕೆಂಪು. ಕಾರ್ನ್ಡ್ ಬೀಫ್ ಕೂಡ ಉಪ್ಪುನೀರಲ್ಲಿ ಊರಿಸಿದ ದನದ ಮಾಂಸವೇ, ಆದರೆ ಅದಕ್ಕೆ ಹೊಗೆಯೂ ಇಲ್ಲ, ಆ ಮಸಾಲೆ ಸಿಪ್ಪೆಯೂ ಇಲ್ಲ. ಹಬೆಯಲ್ಲಿ ಮೆತ್ತಗಾದದ್ದು ಯಂತ್ರಕ್ಕೆ ಕೊಟ್ಟರೆ ಪುಡಿಯಾಗುತ್ತದೆ, ಹಾಗಾಗಿ ಎಳೆಗೆ ಅಡ್ಡಲಾಗಿ ಕೈಯಲ್ಲೇ ಕೊಯ್ಯುತ್ತಾರೆ. ‘ಲೀನ್’ (ಕೊಬ್ಬು ಕಡಿಮೆ) ಎನ್ನಬೇಡಿ, ಒಣಗಿದ್ದು ಸಿಗುತ್ತದೆ, ‘ಜ್ಯೂಸಿ’ ಎನ್ನಿ. ರುಚಿ ನೋಡಲು ಒಂದು ತುಂಡು ತಟ್ಟೆಯಲ್ಲಿಟ್ಟು ಕೊಡುತ್ತಾರೆ, ಒಂದೆರಡು ಡಾಲರ್ ಟಿಪ್ಸ್ ಇಟ್ಟರೆ ಚೆಂದ. ಒಂದು ಸ್ಯಾಂಡ್‌ವಿಚ್ 25 ಡಾಲರ್ ದಾಟುತ್ತದೆ, ಆದರೆ ಇಬ್ಬರಿಗೆ ಧಾರಾಳ.

ಜೊತೆಗೆ ಬರುವ ಸೌತೆ ಉಪ್ಪಿನಕಾಯಿಯಲ್ಲಿ ಖಾರವೂ ಇಲ್ಲ, ಎಣ್ಣೆಯೂ ಇಲ್ಲ. ನಮ್ಮ ಉಪ್ಪುನೀರಿನ ಮಾವಿನಕಾಯಿಯ ಜಾತಿ. ಹಸಿರಾಗಿ ಕರುಮುರು ಎನ್ನುವುದು ಅರೆಹುಳಿ. ಹೆಚ್ಚು ದಿನ ಊರಿ ಬಣ್ಣ ಮಾಸಿದ್ದು ಪೂರಾ ಹುಳಿ. ಊಟದಲ್ಲಿ ಉಪ್ಪುಸೊಳೆ ಬಿಡದವರಿಗೆ ಎರಡನೆಯದೇ ಸರಿ.

ಸಸ್ಯಾಹಾರಿಗಳು ಎಡವುವುದು ಇಲ್ಲಿಯೇ. ಮಾಟ್ಜೋ ಎಂಬ ಹುಳಿ ಬರಿಸದ ರೊಟ್ಟಿಯ ಪುಡಿಯಿಂದ ಮಾಡಿದ ಉಂಡೆಯ ಸೂಪು ಕೋಳಿ ಸಾರು. ಆಲೂಗಡ್ಡೆ ತುರಿದು ಕರಿದ ಲಾಟ್ಕೆಯಲ್ಲಿ ಮೊಟ್ಟೆ, ಕೋಸಿನ ಸಲಾಡಿಗೆ ಹಾಕುವ ಮೇಯೊನೇಸಿನಲ್ಲೂ ಮೊಟ್ಟೆ. ಎಗ್ ಕ್ರೀಮ್ ಎಂಬ ಪಾನೀಯದಲ್ಲಿ ಮಾತ್ರ ಮೊಟ್ಟೆಯೂ ಇಲ್ಲ, ಕ್ರೀಮೂ ಇಲ್ಲ! ಹಾಲು, ಸೋಡಾ, ಚಾಕೊಲೇಟ್ ಸಿರಪ್ ಅಷ್ಟೇ. ಶುದ್ಧ ಸಸ್ಯಾಹಾರಿ ಅಜ್ಜಿಯನ್ನು ಅದೇ ಬೀದಿಯ ರಸ್ ಆ್ಯಂಡ್ ಡಾಟರ್ಸ್‌ಗೆ ಕರೆದೊಯ್ಯುವುದು ಮೇಲು. 1914ರ ಆ ಅಂಗಡಿಯಲ್ಲಿ ಮೀನು ಮತ್ತು ಹಾಲಿನ ತಿನಿಸು. ಕ್ರೀಮ್ ಚೀಸ್ ಹಚ್ಚಿದ ಬೇಗಲ್ (ಬಳೆಯಾಕಾರದ ಬ್ರೆಡ್) ಸಿಗುತ್ತದೆ. ಮೀನಿನ ವಾಸನೆ ಸಹಿಸಬೇಕು, ಅಷ್ಟೇ.

ಇನ್ನೊಂದು, ‘ಕೋಷರ್’ (ಯಹೂದಿ ಧರ್ಮದ ಆಹಾರ ನಿಯಮದಂತೆ ಮಾಡಿದ್ದು) ಬೇರೆ, ‘ಕೋಷರ್ ಶೈಲಿ’ ಬೇರೆ. ಕೋಷರ್ ಅಂಗಡಿಯಲ್ಲಿ ಹಂದಿ ಇಲ್ಲ, ಮಾಂಸದ ಜೊತೆ ಹಾಲು, ಚೀಸ್ ಬೆರೆಸುವುದಿಲ್ಲ. ಕಾಟ್ಜ್ ಬರೀ ಶೈಲಿಯದು, ಮಾಂಸದ ಜೊತೆ ಚೀಸ್ ಹಾಕಿದ ರೂಬೆನ್ ಸ್ಯಾಂಡ್‌ವಿಚ್ಚೇ ಸಾಕ್ಷಿ. ಹಲಾಲ್ ಸಿಗದಲ್ಲಿ ಕೋಷರ್ ಆದೀತು ಎನ್ನುವ ಉಪ್ಪಳದ ಮುಸ್ಲಿಂ ಕುಟುಂಬದವರು ಬೇರೆ ಡೆಲಿ ನೋಡಲಿ, ಅಲ್ಲಿ ಕೋಷರ್ ಪ್ರಮಾಣಪತ್ರ ಇದೆಯೇ ಎಂದು ನೋಡಿಯೇ ಒಳಗೆ ಹೋಗಲಿ.

ಉಳಿದದ್ದನ್ನು ಕಟ್ಟಿಸಿಕೊಳ್ಳಿ, ಬ್ರೆಡ್ ಬೇರೆ, ಮಾಂಸ ಬೇರೆ. ಮೈಕ್ರೋವೇವಿನಲ್ಲಿ ಅದು ಚಪ್ಪಲಿ ತೊಗಲಾಗುತ್ತದೆ. ಹತ್ತು ನಿಮಿಷ ಹಬೆ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಇಡ್ಲಿ ಪಾತ್ರೆಯೇ ಸಾಕು, ಮನೆಯ ಅಮ್ಮನ ಒಪ್ಪಿಗೆ ಇದ್ದರೆ.