ಹಸುವಿಗೂ ಕುದುರೆಗೂ ತಾನಾಗಿ ತುಂಬುವ ಬೋಗುಣಿ: ನಾನು ಹಾಕಿದ ರೀತಿ

ಕೊಟ್ಟಿಗೆಗೆ ನೀರಿನ ಬೋಗುಣಿ ಹಾಕಬೇಕು ಅಂತ ಹೊರಟವರು ಮೊದಲು ಕೇಳುವುದು ಬೋಗುಣಿ ಯಾವುದು ಅಂತ. ಸ್ಟೀಲೋ, ಪ್ಲಾಸ್ಟಿಕ್ಕೋ, ಬೀಡುಕಬ್ಬಿಣವೋ. ನಾನು ಶುರು ಮಾಡಿದ್ದು ಬೇರೆ ಪ್ರಶ್ನೆಯಿಂದ. ಹಾಲು ಕರೆದ ತಕ್ಷಣ ಹಸುಗಳೆಲ್ಲ ಒಟ್ಟಿಗೆ ಮೂತಿ ಇಟ್ಟರೆ, ಸಾಲಿನ ಕೊನೆಯ ಬೋಗುಣಿಗೆ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರಬೇಕು?

ಹಸು ನೀರು ಕುಡಿಯುವುದನ್ನು ಹತ್ತಿರ ನಿಂತು ನೋಡಿ. ಮೂತಿಯನ್ನು ಸ್ವಲ್ಪವೇ ಮುಳುಗಿಸಿ, ಮೂಗಿನ ಹೊಳ್ಳೆ ಮೇಲಿಟ್ಟುಕೊಂಡು ಎಳೆಯುತ್ತದೆ. ಗಂಟಲಲ್ಲಿ ಗುಟುಕು ಇಳಿಯುವುದು ಹೊರಗೇ ಕಾಣುತ್ತದೆ. ಅಗಲವಾದ ತೊಟ್ಟಿಯಲ್ಲಿ ಬಿಟ್ಟರೆ ನಿಮಿಷಕ್ಕೆ 10 ಲೀಟರಿಗಿಂತ ಜಾಸ್ತಿಯೇ ಎಳೆಯಬಲ್ಲದು. ಬೋಗುಣಿಗೆ ನೀರು ನಿಧಾನವಾಗಿ ಬಂದರೆ ಅದು ಕಾಯುತ್ತಾ ನಿಲ್ಲುವುದಿಲ್ಲ. ಎರಡು ಗುಟುಕು ಕುಡಿದು ಮೇವಿಗೆ ತಿರುಗುತ್ತದೆ. ನೋಡಿದವರಿಗೆ ಕುಡಿದಂತೆಯೇ ಕಾಣುತ್ತದೆ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಅಲ್ವಾ? ಲೀಟರ್ ಹಾಲಿಗೆ ಸುಮಾರು 3ರಿಂದ 4 ಲೀಟರ್ ನೀರು ಬೇಕು ಅಂತ ಲೆಕ್ಕ ಇಟ್ಟುಕೊಂಡೆ. ಬಿಸಿಲಿನ ದಿನಕ್ಕೆ ಇನ್ನೂ ಜಾಸ್ತಿ. ದಿನಕ್ಕೆ 20 ಲೀಟರ್ ಕೊಡುವ ಹಸುವಿಗೆ 80ರಿಂದ 100 ಲೀಟರ್ ಬೇಕಾಗಬಹುದು, ಅದರಲ್ಲಿ ದೊಡ್ಡ ಪಾಲನ್ನು ಅದು ಹಾಲು ಕರೆದ ಮೇಲೂ ಮೇವು ತಿಂದ ಮೇಲೂ ಕುಡಿದುಬಿಡುತ್ತದೆ. ಹಾಗಾಗಿ ದಿನದ ಸರಾಸರಿ ನೋಡಿ ಪೈಪ್ ಹಾಕಿದರೆ ಆಗದು. ಆ ಒಂದು ಗಂಟೆಯ ನೂಕುನುಗ್ಗಲನ್ನು ನೋಡಿ ಹಾಕಬೇಕು.

ನನ್ನಲ್ಲಿ ನೀರು ಬರುವುದು ಮೇಲಿನ ಟ್ಯಾಂಕಿನಿಂದ. ನೀರಿನ ಎತ್ತರ 10 ಮೀಟರ್ ಇದ್ದರೆ ಹತ್ತಿರ ಹತ್ತಿರ 1 ಬಾರ್ ಒತ್ತಡ. ನನ್ನ ಟ್ಯಾಂಕಿನ ನೀರಿಗೂ ಬೋಗುಣಿಗೂ 3 ಮೀಟರ್ ಅಂತರ, ಅಂದರೆ 0.3 ಬಾರ್ ಅಷ್ಟೇ. ಇಲ್ಲಿ ವಾಲ್ವ್ ಆರಿಸುವುದು ಬಹಳ ಮುಖ್ಯ. ಫ್ಲೋಟ್ ವಾಲ್ವ್ ಅಂದರೆ ನೀರು ತುಂಬಿದಾಗ ತೇಲುವ ಚೆಂಡು ಮೇಲೆದ್ದು ತಾನಾಗಿ ಮುಚ್ಚುವ ವಾಲ್ವ್. ಅದರಲ್ಲಿ ಲೋ ಪ್ರೆಶರ್, ಹೈ ಪ್ರೆಶರ್ ಅಂತ ಬೇರೆ ಬೇರೆ ಇವೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಇರುವುದು ಒಳಗಿನ ತೂತಿನಲ್ಲಿ. ಹೈ ಪ್ರೆಶರ್ ವಾಲ್ವಿನ ತೂತು ಸಣ್ಣದು. ಅದನ್ನು ಟ್ಯಾಂಕಿನ ನೀರಿಗೆ ಹಾಕಿದರೆ ಸಣ್ಣ ಎಳೆಯಂತೆ ನೀರು ಬರುತ್ತದೆ. ಲೋ ಪ್ರೆಶರ್ ವಾಲ್ವನ್ನು ನೇರ ಪಂಪಿನ ಲೈನಿಗೆ ಹಾಕಿದರೆ ಅದು ಪೂರ್ತಿ ಮುಚ್ಚದೆ ಸೋರುತ್ತದೆ. ಅಂಗಡಿಯಲ್ಲಿ ಕೇಳುವಾಗ ಟ್ಯಾಂಕ್ ಎಷ್ಟು ಎತ್ತರ ಇದೆ ಅಂತ ಹೇಳಿಯೇ ಕೇಳಿ.

ಇಷ್ಟು ಕಡಿಮೆ ಒತ್ತಡ ಇದ್ದಾಗ ನಮ್ಮ ಕೈಯಲ್ಲಿ ಉಳಿಯುವುದು ಪೈಪಿನ ಅಗಲ. ಒಳವ್ಯಾಸ ಎರಡು ಪಟ್ಟಾದರೆ ನೀರು ಹರಿಯುವ ಜಾಗ ನಾಲ್ಕು ಪಟ್ಟಾಗುತ್ತದೆ. ಪೈಪಿನ ಗೋಡೆಗೆ ನೀರು ಉಜ್ಜಿ ಕಳೆದುಕೊಳ್ಳುವ ಒತ್ತಡವೂ ಕಡಿಮೆ. ಅದಕ್ಕೇ ಮುಖ್ಯ ಲೈನಿಗೆ 32 ಮಿ.ಮೀ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪ್ ಎಳೆದು, ಪ್ರತಿ ಬೋಗುಣಿಗೆ ಮಾತ್ರ 20 ಮಿ.ಮೀ. ಇಳಿಸಿದೆ. ಸಾಲಿನ ಕೊನೆಯಲ್ಲಿ ಪೈಪನ್ನು ಮುಚ್ಚದೆ ಸುತ್ತು ಹಾಕಿ ತಂದು ಮತ್ತೆ ಮೊದಲಿನ ಲೈನಿಗೇ ಕೂಡಿಸಿದೆ. ಆಗ ಕೊನೆಯ ಬೋಗುಣಿಗೆ ಎರಡೂ ಕಡೆಯಿಂದ ನೀರು ಬರುತ್ತದೆ, ನಿಂತ ನೀರೂ ಉಳಿಯುವುದಿಲ್ಲ. ಎಲ್ಬೋ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಪರೀಕ್ಷೆ ಮಾಡಿದ್ದು ಬಕೆಟ್ ಇಟ್ಟು. ಅಕ್ಕಪಕ್ಕದ ಎರಡು ಬೋಗುಣಿಯ ಪ್ಯಾಡಲನ್ನು (ಹಸು ಮೂತಿಯಿಂದ ಒತ್ತಿದರೆ ನೀರು ಬಿಡುವ ತಟ್ಟೆ) ಒತ್ತಿ ಹಿಡಿಯಲು ಜನ ನಿಲ್ಲಿಸಿ, ಕೊನೆಯ ಬೋಗುಣಿಯ ನೀರನ್ನು 10 ಲೀಟರಿನ ಬಕೆಟ್ಟಿಗೆ ಬಿಟ್ಟೆ. ಒಂದು ನಿಮಿಷದೊಳಗೆ ತುಂಬಿದರೆ ಪಾಸು. ಈ ಪರೀಕ್ಷೆ ಮುಗಿಯುವ ತನಕ ಪೈಪಿನ ಗುಂಡಿ ಮುಚ್ಚಲೇಬಾರದು.

ಎರಡು ಹಸುವಿನ ನಡುವೆ ಒಂದು ಬೋಗುಣಿ ಸಾಕು. ಆದರೆ ಯಾವ ಎರಡು ಹಸು ಅನ್ನುವುದನ್ನು ಯೋಚಿಸಬೇಕು. ಜೋರಿನ ಹಸು ಪಕ್ಕದಲ್ಲಿದ್ದರೆ ಮೆತ್ತಗಿನದು ಕತ್ತು ಚಾಚುವುದೇ ಇಲ್ಲ. ಅಂಥ ಜೋಡಿಯನ್ನು ಬೇರೆ ಮಾಡಿ ಕಟ್ಟುತ್ತೇನೆ. ಬಿಟ್ಟು ಸಾಕುವ ಕಡೆ ಉದ್ದನೆಯ ತೊಟ್ಟಿಯೇ ಸರಿ. ಅದೂ ಒಂದೇ ಸಾಲದು, ಎರಡು ಬೇರೆ ಬೇರೆ ಜಾಗದಲ್ಲಿರಬೇಕು. ಒಂದನ್ನು ಜೋರಿನ ಹಸು ಕಾಯುತ್ತಾ ನಿಂತರೆ ಉಳಿದವು ಇನ್ನೊಂದಕ್ಕೆ ಹೋಗುತ್ತವೆ. ಮೂಲೆಯಲ್ಲಿ ಮಾತ್ರ ತೊಟ್ಟಿ ಇಡಬೇಡಿ, ಸಿಕ್ಕಿಹಾಕಿಕೊಂಡ ಹಸುವಿಗೆ ಓಡಲು ದಾರಿ ಇರುವುದಿಲ್ಲ.

ಕಡಿಮೆ ಖರ್ಚಿನ ಇನ್ನೊಂದು ದಾರಿಯೂ ಇದೆ. ಕಡಸುಗಳ ಸಾಲಿಗೆ ನಾನು ಅದನ್ನೇ ಮಾಡಿದ್ದೇನೆ. ಒಂದು ಕಡೆ ಮುಚ್ಚಳ ಇರುವ ಸಣ್ಣ ತೊಟ್ಟಿ, ಅದರಲ್ಲಿ ಒಂದೇ ಫ್ಲೋಟ್ ವಾಲ್ವ್. ಅಲ್ಲಿಂದ ದಪ್ಪ ಪೈಪ್ ಎಲ್ಲಾ ಬೋಗುಣಿಗಳ ತಳಕ್ಕೂ ಸೇರುತ್ತದೆ. ತೊಟ್ಟಿಯಲ್ಲಿ ನೀರು ಯಾವ ಮಟ್ಟದಲ್ಲಿ ನಿಲ್ಲುತ್ತದೋ ಎಲ್ಲಾ ಬೋಗುಣಿಯಲ್ಲೂ ಅದೇ ಮಟ್ಟ. ಇದರಲ್ಲಿ ಎಚ್ಚರ ಬೇಕಾದದ್ದು ನೆಲದ ಇಳಿಜಾರಿನ ವಿಷಯದಲ್ಲಿ. ಗಂಜಲ ಹರಿಯಲಿ ಅಂತ ಕೊಟ್ಟಿಗೆಯ ನೆಲಕ್ಕೆ ವಾಟ ಕೊಟ್ಟಿರುತ್ತೇವೆ. ಸಾಲಿನ ಉದ್ದಕ್ಕೆ ನೂರಕ್ಕೆ ಒಂದರ ವಾಟ ಇದ್ದರೆ 20 ಮೀಟರಿಗೆ 20 ಸೆಂ.ಮೀ. ಇಳಿದಿರುತ್ತದೆ. ನೆಲದಿಂದ ಟೇಪ್ ಹಿಡಿದು ಎಲ್ಲವನ್ನೂ ಒಂದೇ ಎತ್ತರಕ್ಕೆ ಕೂರಿಸಿದರೆ ಕೆಳಗಿನ ಬೋಗುಣಿ ಉಕ್ಕಿ ಹರಿಯುತ್ತದೆ, ಮೇಲಿನದಕ್ಕೆ ನೀರು ಏರುವುದಿಲ್ಲ. ಹಾಗಾಗಿ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಗೋಡೆಗೆ ಗೆರೆ ಎಳೆದು, ಗೆರೆ ನೋಡಿಯೇ ಬೋಗುಣಿ ಕೂರಿಸಿದೆ. ಇಳಿಜಾರು ಇನ್ನೂ ಜಾಸ್ತಿ ಇದ್ದರೆ ಸಾಲನ್ನು ಎರಡು ಮಾಡಿ ಎರಡು ಫ್ಲೋಟ್ ಇಡಬೇಕು.

ಇದರ ಕೊರತೆಯನ್ನೂ ಹೇಳಲೇಬೇಕು. ಒಂದು ಹಸುವಿನ ಬಾಯಿಯ ಜೊಲ್ಲು, ಹಿಂಡಿಯ ತುಣುಕು ಎಲ್ಲವೂ ಅದೇ ಪೈಪಿಗೆ ಇಳಿದು ಪಕ್ಕದ ಬೋಗುಣಿಗೂ ಹೋಗಬಹುದು. ತಳದಲ್ಲಿ ಕೊಳೆ ಕೂರುತ್ತದೆ. ಕೊನೆಯಲ್ಲಿ ದೊಡ್ಡ ಬಾಯಿಯ ವಾಲ್ವ್ ಇಟ್ಟು ಆಗಾಗ ಪೂರ್ತಿ ಬಿಟ್ಟು ತೊಳೆಯಲೇಬೇಕು. ಕಾಯಿಲೆ ಬಂದ ದನವನ್ನು ಈ ಸಾಲಿನಲ್ಲಿ ಕಟ್ಟುವುದೇ ಇಲ್ಲ. ಹಾಲು ಕೊಡುವ ಹಸುಗಳಿಗೆ ಬೇರೆ ಬೇರೆ ವಾಲ್ವಿನ ಬೋಗುಣಿಯನ್ನೇ ನಾನು ಮೆಚ್ಚುತ್ತೇನೆ.

ಕುದುರೆ ಲಾಯದ ಕೆಲಸವೇ ಬೇರೆ. ಹಸು ಪ್ಯಾಡಲನ್ನು ಒತ್ತಿ ನೀರು ಬಿಟ್ಟುಕೊಳ್ಳುವುದನ್ನು ಬೇಗ ಕಲಿಯುತ್ತದೆ. ಕೈಯಿಂದ ಪ್ಯಾಡಲ್ ಒತ್ತಿ, ಮೂತಿ ಒದ್ದೆ ಮಾಡಿದರೆ ಸಾಕು. ಕುದುರೆಗೆ ಅನುಮಾನ ಜಾಸ್ತಿ. ವಾಲ್ವ್ ‘ಸುಯ್’ ಅಂದರೆ ತಲೆ ಎತ್ತಿ ಹಿಂದೆ ಸರಿಯುತ್ತದೆ, ಕಿವಿ ಬೋಗುಣಿಯ ಕಡೆಯೇ ನೆಟ್ಟಿರುತ್ತದೆ. ಆಮೇಲೆ ಬಾಯಾರಿದರೂ ಹತ್ತಿರ ಹೋಗದೆ ಇರಬಹುದು. ಅದಕ್ಕೆ ಲಾಯದಲ್ಲಿ ಪ್ಯಾಡಲ್ ಬೇಡ ಅಂತ ತೀರ್ಮಾನಿಸಿ, ಸದ್ದಿಲ್ಲದೆ ತುಂಬುವ ಫ್ಲೋಟ್ ಬೋಗುಣಿ ಹಾಕಿದೆ. ಹಳೆಯ ಬಕೆಟ್ಟನ್ನು ತಕ್ಷಣ ತೆಗೆಯಲಿಲ್ಲ. ಬೋಗುಣಿಯ ಪಕ್ಕದಲ್ಲೇ ಇಟ್ಟು, ಬಕೆಟ್ಟಿನ ನೀರನ್ನು ಕಡಿಮೆ ಮಾಡುತ್ತಾ ಬಂದೆ. ಬೋಗುಣಿಯಿಂದ ಕುಡಿಯುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಬಕೆಟ್ ಆಚೆ ಹೋಯಿತು.

ಸುಮ್ನೆ ಇಷ್ಟು ಒತ್ತಿ ಹೇಳುತ್ತಿಲ್ಲ. ಕುದುರೆ ಸಾಕಷ್ಟು ನೀರು ಕುಡಿಯದಿದ್ದರೆ ಕರುಳಿನಲ್ಲಿ ಒಣ ಮೇವು ಗಟ್ಟಿಯಾಗಿ ಕಟ್ಟಿಕೊಂಡು ಹೊಟ್ಟೆನೋವು ಬರುತ್ತದೆ. ಅದು ಜೀವಕ್ಕೇ ಅಪಾಯ. ದೊಡ್ಡ ಕುದುರೆ ಕೆಲಸವಿಲ್ಲದ ತಂಪು ದಿನದಲ್ಲೇ 25ರಿಂದ 30 ಲೀಟರ್ ಕುಡಿಯುತ್ತದೆ, ಬಿಸಿಲಲ್ಲಿ ದುಡಿದರೆ ಅದರ ಎರಡು ಪಟ್ಟು. ಬಕೆಟ್ ಇದ್ದಾಗ ಎಷ್ಟು ಖಾಲಿಯಾಯಿತು ಅಂತ ಬೆಳಿಗ್ಗೆ ಗೊತ್ತಾಗುತ್ತಿತ್ತು. ತಾನಾಗಿ ತುಂಬುವ ಬೋಗುಣಿ ಯಾವಾಗ ನೋಡಿದರೂ ತುಂಬಿಯೇ ಇರುತ್ತದೆ. ಕುಡಿಯದೆ ಇದ್ದರೂ ಅಷ್ಟೇ, ಕುಡಿದರೂ ಅಷ್ಟೇ. ಈ ಲೆಕ್ಕ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪ್ರತಿ ಲಾಯದ ಪೈಪಿಗೂ ಸಣ್ಣ ನೀರಿನ ಮೀಟರ್ ಹಾಕಿದೆ. ಬೆಳಿಗ್ಗೆ ಅಂಕಿ ಬರೆದುಕೊಳ್ಳುವುದು ಈಗ ಲದ್ದಿ ನೋಡಿದಷ್ಟೇ ರೂಢಿಯ ಕೆಲಸ. ಮೀಟರ್ ಬೇಡ ಅನ್ನುವವರು ಕಾಯಿಲೆಯ ಕುದುರೆಗಾದರೂ ಗೇಟ್ ವಾಲ್ವ್ ಮುಚ್ಚಿ ಬಕೆಟ್ಟಿನಲ್ಲೇ ಕೊಡಲಿ. ಅದಕ್ಕಾಗಿಯೇ ಪ್ರತಿ ಬೋಗುಣಿಗೂ ಬೇರೆ ಗೇಟ್ ವಾಲ್ವ್ ಇರಬೇಕು. ರಿಪೇರಿಗೂ ಅದೇ ಬೇಕು, ಇಲ್ಲದಿದ್ದರೆ ಒಂದು ವಾಷರ್ ಬದಲಿಸಲು ಇಡೀ ಲಾಯದ ನೀರು ನಿಲ್ಲಿಸಬೇಕಾಗುತ್ತದೆ.

ಕುದುರೆ ಪೈಪ್ ಕಡಿಯುತ್ತದೆ, ಬೋಗುಣಿಗೆ ಬೆನ್ನು ಉಜ್ಜುತ್ತದೆ. ಕಾಣುವ ಪೈಪನ್ನೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ತೂರಿಸಿದೆ. ಬೋಲ್ಟಿನ ತಲೆ, ಚೂಪು ಅಂಚು ಒಂದೂ ಹೊರಗೆ ಇರಬಾರದು. ಬೋಗುಣಿಯ ಅಂಚು ದೊಡ್ಡ ಕುದುರೆಗೆ ನೆಲದಿಂದ 90ರಿಂದ 100 ಸೆಂ.ಮೀ., ಹಸುವಿಗೆ 60ರಿಂದ 80. ಒಣಹುಲ್ಲಿನ ಜಾಗದಿಂದ ದೂರದ ಗೋಡೆಗೆ ಹಾಕಿದೆ, ಹುಲ್ಲು ಬಿದ್ದು ಫ್ಲೋಟ್ ಸಿಕ್ಕಿಕೊಂಡರೆ ರಾತ್ರಿಯೆಲ್ಲ ನೀರು ಹರಿಯುತ್ತದೆ. ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ.

ಕರೆಂಟಿನ ವಿಷಯ ಹೇಳದೆ ಬಿಡುವಂತಿಲ್ಲ. ಕೊಟ್ಟಿಗೆಯಲ್ಲಿ ಮೋಟಾರ್, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇರುತ್ತವೆ. ಎಲ್ಲಾದರೂ ಅರ್ತಿಂಗ್ ಸರಿ ಇಲ್ಲದಿದ್ದರೆ ಕಬ್ಬಿಣದ ಬೋಗುಣಿಗೂ ಒದ್ದೆ ನೆಲಕ್ಕೂ ನಡುವೆ ಸಣ್ಣ ವೋಲ್ಟೇಜ್ ನಿಲ್ಲುತ್ತದೆ. ನಮಗೆ ಗೊತ್ತೇ ಆಗದ 2ರಿಂದ 4 ವೋಲ್ಟ್ ಸಾಕು, ಹಸು ಅಂಜುತ್ತದೆ. ಎಳೆದು ಕುಡಿಯುವ ಬದಲು ನಾಲಿಗೆಯಿಂದ ನೆಕ್ಕಿ ನೋಡುತ್ತದೆ, ಬಂದು ಬಂದು ಹಿಂದಕ್ಕೆ ಹೋಗುತ್ತದೆ. ಹಾಗೆ ಕಂಡರೆ ನೀರಿನ ರುಚಿಯನ್ನು ಅನುಮಾನಿಸುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಳೆಸಿ. ನಾನು ಬೋಗುಣಿ, ಕಂಬಿ, ಗೋದಲಿಯ ಕಬ್ಬಿಣ ಎಲ್ಲವನ್ನೂ ಒಂದೇ ತಂತಿಯಲ್ಲಿ ಬೆಸೆದು ಅರ್ತಿಂಗಿಗೆ ಸೇರಿಸಿದ್ದೇನೆ.

ಪೈಪನ್ನು ಮಣ್ಣಲ್ಲಿ ಹೂಳಿ. ಬಿಸಿಲಿಗೆ ಬಿದ್ದಿರುವ ಕಪ್ಪು ಪೈಪಿನ ನೀರು ಕೈ ಸುಡುವಷ್ಟು ಬಿಸಿಯಾಗುತ್ತದೆ, ದನ ಮುಟ್ಟುವುದಿಲ್ಲ. ಹಿಮ ಬೀಳುವ ಕಡೆ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಬೇಕು. ಟ್ಯಾಂಕಿನ ಬಾಯಲ್ಲೇ ಫಿಲ್ಟರ್ ಇರಲಿ, ಒಂದು ಮರಳಿನ ಕಾಳು ವಾಷರಿನಡಿ ಕೂತರೆ ಸಾಕು, ತೊಟ್ಟಿಕ್ಕುತ್ತಲೇ ಇರುತ್ತದೆ. ಗಡಸು ನೀರಿನಿಂದ ವಾಲ್ವಿನಲ್ಲಿ ಬಿಳಿ ಪದರ ಕಟ್ಟಿದರೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ. ಟ್ಯಾಂಕಿನಲ್ಲಿ ಕಡೇಪಕ್ಷ ಒಂದು ದಿನದ ನೀರು ಸದಾ ಇರಬೇಕು.

ಬೋಗುಣಿ ಕೊಳ್ಳುವಾಗ ನಾನು ನೋಡುವ ಒಂದೇ ಒಂದು ವಿಷಯ ತಳದ ಬಿರಡೆ. ಎಳೆದರೆ ನೀರೆಲ್ಲ ಒಮ್ಮೆಗೇ ಹೋಗಬೇಕು. ಮಗ್ಗಿನಲ್ಲಿ ಮೊಗೆದು ಖಾಲಿ ಮಾಡಬೇಕಾದ ಬೋಗುಣಿಯನ್ನು ಯಾರೂ ದಿನಾ ತೊಳೆಯುವುದಿಲ್ಲ. ಒಳಗೋಡೆಗೆ ಬೆರಳು ಆಡಿಸಿದಾಗ ಲೋಳೆ ಸಿಕ್ಕರೆ ಬ್ರಷ್ ಹಾಕಿ ಉಜ್ಜುವ ಹೊತ್ತಾಯಿತು ಅಂತ. ನಾನು ಬೆಳಗಿನ ಹಾಲು ಕರೆಯುವ ಮೊದಲೇ ಬಿರಡೆ ಎಳೆದು, ಉಜ್ಜಿ, ಮತ್ತೆ ತುಂಬಲು ಬಿಡುತ್ತೇನೆ. ಹಾಲು ಕರೆದು ಮುಗಿಯುವ ಹೊತ್ತಿಗೆ ಹಸುಗಳಿಗೆ ಹೊಸ ನೀರು ಸಿದ್ಧವಾಗಿರುತ್ತದೆ. ತುಂಬುವಾಗಲೇ ಯಾವ ವಾಲ್ವ್ ನಿಧಾನ, ಯಾವುದು ಸೋರುತ್ತದೆ ಅನ್ನುವುದೂ ಕಂಡುಬಿಡುತ್ತದೆ.