ಸ್ಟ್ರಟ್ ಬದಲಿಸಿದ ಮೇಲೆ ಟೈರು ಉಜ್ಜುತ್ತಿದೆಯೇ? ಆ ಎರಡು ಬೋಲ್ಟು ನೋಡಿ

ಕಾರಿನ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಬದಲಿಸಿದ ಮೇಲೆ ಟೈರಿನ ಒಳಮೈ ಸ್ಟ್ರಟ್‌ಗೆ ತಾಗುತ್ತಿದ್ದರೆ, ಚಕ್ರವನ್ನು ಹೊರಕ್ಕೆ ಸರಿಸುವ ಸ್ಪೇಸರ್ ತಟ್ಟೆ ಕೊಳ್ಳುವ ಮೊದಲು ಹೀಗೆ ಮಾಡಿ: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕಿ ನಂಬಬೇಡಿ), ಸ್ಟ್ರಟ್ಟನ್ನು ಚಕ್ರ ಕೂರುವ ಲೋಹದ ತುಂಡಾದ ನಕಲ್‌ಗೆ ಹಿಡಿದಿರುವ ಎರಡು ಬೋಲ್ಟುಗಳನ್ನು ತುಸು ಸಡಿಲಿಸಿ, ಒಬ್ಬರು ಚಕ್ರದ ಮೇಲ್ತುದಿಯನ್ನು ಹೊರಗೆಳೆದು ಹಿಡಿದುಕೊಂಡಿರುವಾಗಲೇ ಇನ್ನೊಬ್ಬರು ಬಿಗಿ ಮಾಡಿ. ಫೆಂಡರ್‌ಗೆ ತಾಗುತ್ತಿದ್ದರೆ ಒಳಕ್ಕೆ ತಳ್ಳಿ. ಸಾಮಾನ್ಯವಾಗಿ ಬೋಲ್ಟಿಗಿಂತ ತೂತು ಕೂದಲೆಳೆಯಷ್ಟು ದೊಡ್ಡದಿರುತ್ತದೆ. ಅಲ್ಲಿಯ ಅರ್ಧ ಮಿಲಿಮೀಟರ್ ಚಕ್ರದ ಮೇಲ್ತುದಿಗೆ ಬರುವಷ್ಟರಲ್ಲಿ ಸುಮಾರು ಎರಡು ಮಿಲಿಮೀಟರ್ ಆಗುತ್ತದೆ. ಸಾಕಾಯಿತೇ ಎಂದು ತಿಳಿಯಲು ಸ್ಟ್ರಟ್ ಕೊಳವೆಗೆ ಸೀಮೆಸುಣ್ಣ ದಪ್ಪಗೆ ಬಳಿದು, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸುತ್ತ ಒಂದು ಸುತ್ತು ಹೋಗಿ ಬನ್ನಿ. ಹಂಪ್ ಹತ್ತಿಸಿದರೆ ಇನ್ನೂ ವಾಸಿ. ಸುಣ್ಣ ಅಳಿಸಿದ್ದರೆ ಎಲ್ಲಿ ತಾಗಿತೆಂದು ಅದೇ ಹೇಳುತ್ತದೆ. ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಗೋ ಹೊರಗೋ ವಾಲಿರುವುದು) ಜೊತೆಗೆ ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುವುದರಿಂದ ಅದೇ ದಿನ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಹೊಸ ಟೈರಿನ ಅಂಚು ಬೇಗ ಸವೆಯುತ್ತದೆ. ಬೋಲ್ಟುಗಳನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೇ ಬಿಗಿಯಿರಿ, ಕೈ ಅಂದಾಜು ಇಲ್ಲಿ ನಡೆಯದು. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿನಲ್ಲಿ ಕೂತಿರದಿದ್ದರೆ ಈ ಉಪಾಯ ಫಲಿಸುವುದಿಲ್ಲ, ಮೊದಲು ಅದನ್ನೇ ನೋಡಿ. ನಕಲ್ ಬಗ್ಗಿದ್ದರೆ, ಇಲ್ಲವೇ ಅಗಲದ ಟೈರೋ ಬೇರೆ ಆಫ್‌ಸೆಟ್ಟಿನ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಅಲಾಯ್ ರಿಮ್ಮೋ ಹಾಕಿಸಿದ್ದರೆ ಎರಡು ಮಿಲಿಮೀಟರಿನಿಂದ ಏನೂ ಆಗದು.