ಘಾಟಿ ಹತ್ತುವ ಮುನ್ನ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ

ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಮೊಬೈಲ್ ಸಿಗ್ನಲ್ ಹೋದ ಕೂಡಲೇ ಜಿಪಿಎಸ್ ಕೂಡ ನಿಂತುಹೋಯಿತೆಂದು ಹಲವರು ಭಾವಿಸುತ್ತಾರೆ; ಸಾಮಾನ್ಯವಾಗಿ ಅಲ್ಲಿ ಕೈಕೊಡುವುದು ಇಂಟರ್ನೆಟ್ ಮೂಲಕ ಬರಬೇಕಾದ ನಕ್ಷೆ ಮಾತ್ರ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನೂ ಕಕ್ಷೆಯ ವಿವರವನ್ನೂ ಸದಾ ಬಿತ್ತರಿಸುತ್ತಿರುತ್ತವೆ. ಕಾರಿನಲ್ಲಿರುವ ಸಾಧನವು ತಾನು ಏನನ್ನೂ ಕಳುಹಿಸದೆ, ಆ ಸಂಕೇತಗಳು ತನ್ನನ್ನು ತಲುಪಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕಿ, ಕನಿಷ್ಠ 4 ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ಗುರುತಿಸುತ್ತದೆ. ಮೂರು ಸಾಲದೇ ಎಂದು ಕೇಳಬಹುದು. ಸಾಧನದೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕೇ ಬೇಕು, ಏಕೆಂದರೆ ಒಂದು ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ವ್ಯತ್ಯಾಸವಾದರೂ ದೂರದ ಲೆಕ್ಕ ಸುಮಾರು 300 ಮೀಟರ್ ತಪ್ಪುತ್ತದೆ.

ಆದ್ದರಿಂದ ಹೋಗಲಿರುವ ಪ್ರದೇಶದ ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಿ. ಉಪಗ್ರಹವು ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಮರುಕಳುಹಿಸುವುದರಿಂದ, ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಹೊರಬಂದ ಮೇಲೆ ಬಯಲಿನಲ್ಲಿ ಕೊಂಚ ನಿಂತು, ಪರದೆಯ ಮೇಲಿನ ಗುರುತು ಅಲುಗಾಡದಂತಾದ ನಂತರ ಹೊರಡುವುದು ಒಳ್ಳೆಯದು. ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂಬುದು ಜಿಪಿಎಸ್ ಸಾಧನಕ್ಕೆ ಎಷ್ಟೋ ಸಲ ತಿಳಿಯದು. ಅಲ್ಲಿ ಫಲಕವನ್ನೇ ನಂಬಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ಸುದ್ದಿ ಆಫ್‌ಲೈನ್ ನಕ್ಷೆಯಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.